ಮೊದಲು ಹೋರಿಯ ಪರೀಕ್ಷೆ

ಅತ್ತೆ ಬೆಂಗಳೂರಿನಿಂದ ಸ್ವೀಡನ್ನಿನ ಮಾಲ್ಮೋಗೆ, ನಮ್ಮ ಮನೆಗೆ ಬಂದಾಗಲೆಲ್ಲ ನನ್ನ ಕೆಲಸದ ಬಗ್ಗೆ ಸುಳ್ಳು ಹೇಳುತ್ತಿದ್ದರು. ನಾನು ಪಶುವೈದ್ಯೆ. ಮಾಂಸಕ್ಕಾಗಿ ದನ ಸಾಕುವ ಫಾರ್ಮುಗಳಲ್ಲಿ ಹೋರಿಗಳ ಫಲವತ್ತತೆ ಪರೀಕ್ಷಿಸುತ್ತೇನೆ. ಅತ್ತೆಯ ಬಾಯಲ್ಲಿ ಅದು ‘ಹಾಲಿನ ಡೈರಿ’. ಆ ಸುಳ್ಳನ್ನು ನಾನು ಮನ್ನಿಸಿದ್ದೆ, ಇನ್ನೊಂದನ್ನಲ್ಲ. ನಮಗೆ ಮಕ್ಕಳಾಗದಿದ್ದುದಕ್ಕೆ ದೋಷ ನನ್ನದೇ ಎಂದು ಅವರು ಊರಿಗೆಲ್ಲ ಸಾರಿದ್ದರು. ನನ್ನ ಪರೀಕ್ಷೆಗಳೆಲ್ಲ ಮುಗಿದು ತೊಂದರೆಯಿಲ್ಲ ಎಂದು ಗೊತ್ತಾಗಿತ್ತು. ಗಂಡ ಮಾತ್ರ ಒಮ್ಮೆಯೂ ಪರೀಕ್ಷೆಗೆ ಹೋಗಲಿಲ್ಲ. “ನಂಗೇನಾಗಿದೆ, ಫಿಟ್ ಆಗಿದೀನಿ” ಎನ್ನುತ್ತಿದ್ದ. ದಿನಾ ಜಿಮ್ಮಿಗೆ ಹೋಗಿ ತೋಳು ಬೆಳೆಸಿಕೊಂಡಿದ್ದ.

ಆ ಮೇ ತಿಂಗಳಲ್ಲಿ ನಮ್ಮ ಕನ್ನಡ ಗುಂಪಿನ ಹುಡುಗಿಯೊಬ್ಬಳ ಸೀಮಂತ. ಬಳೆ ತೊಡಿಸಲು ನಾನೂ ಎದ್ದೆ. ಅತ್ತೆ ನನ್ನ ಮೊಣಕೈ ಹಿಡಿದು, ಎಲ್ಲರಿಗೂ ಕೇಳುವಂತೆ, “ನೀನು ಬೇಡಮ್ಮ, ಮಕ್ಕಳಾದೋರು ಮಾಡ್ಲಿ” ಎಂದರು. ಗಂಡ ಕೋಸಂಬರಿ ತಿನ್ನುತ್ತ ನಿಂತಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು.

ಹಿರಿಯ ಹೆಂಗಸೊಬ್ಬರು ಮಾತು ಬದಲಿಸಲೆಂದು, “ಡೈರಿಯಲ್ಲಿ ಕೆಲಸ ಹೇಗಿದೆಯಮ್ಮ?” ಎಂದರು.

“ಡೈರಿ ಅಲ್ಲ ಆಂಟಿ, ಬೀಫ್ ಫಾರ್ಮು. ಹೋರಿಗಳನ್ನ ಟೆಸ್ಟ್ ಮಾಡ್ತೀನಿ.”

ಅತ್ತೆಯ ಮುಖ ಕಪ್ಪಿಟ್ಟಿತು. ನಾನು ನಿಲ್ಲಿಸಲಿಲ್ಲ. ಹಿಂದಿನ ವಾರ ನೋಡಿದ ಬಿಳಿ ಹೋರಿಯ ಕಥೆ ತೆಗೆದೆ. ನೋಡಲು ಭರ್ಜರಿ, ಕಂಬದಂಥ ಕತ್ತು. ಕಳೆದ ಬೇಸಿಗೆಯಲ್ಲಿ ಅದರ ಜೊತೆ ಮೇಯಲು ಬಿಟ್ಟ ಹಸುಗಳಲ್ಲಿ ಒಂದೂ ಗಬ್ಬ ಕಟ್ಟಿರಲಿಲ್ಲ. ಟೇಪು ಹಿಡಿದು ವೃಷಣ ಅಳೆದೆ, ಅಳತೆ ಸರಿಯಾಗಿತ್ತು. ವೀರ್ಯದ ಹನಿಯನ್ನು ಬೆಚ್ಚಗಿನ ಗಾಜಿನ ಮೇಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಒಂದು ವೀರ್ಯಾಣುವೂ ಅಲುಗಾಡುತ್ತಿರಲಿಲ್ಲ.

“ಹಸುಗಳದ್ದೇ ತಪ್ಪು ಅನ್ನಲ್ವಾ ಇಲ್ಲಿ?” ಎಂದು ಆಂಟಿ ಕೇಳಿದರು. ಪುಣ್ಯಾತ್ಗಿತ್ತಿ.

“ಇಲ್ಲ ಆಂಟಿ. ಇಲ್ಲಿನ ರೈತರು ಮೊದಲು ಹೋರಿನ ಟೆಸ್ಟ್ ಮಾಡಿಸ್ತಾರೆ. ಅದರಿಂದ ಹೋರಿ ಮರ್ಯಾದೆ ಹೋಗುತ್ತೆ ಅಂತ ಯಾರೂ ಅಂದ್ಕೊಳಲ್ಲ.”

“ಆಮೇಲೆ ಆ ಹೋರಿ ಏನಾಯ್ತು ಅಕ್ಕ?” ಎಂದಳು ಸೀಮಂತದ ಹುಡುಗಿ.

“ಮಾಂಸಕ್ಕೆ ಹೋಯ್ತು” ಎಂದೆ, ಗಂಡನ ಮುಖವನ್ನೇ ನೋಡುತ್ತ. ಅವನ ಕೈಯಲ್ಲಿದ್ದ ಚಮಚ ತಟ್ಟೆಗೆ ಇಳಿಯಿತು.

ಹುಡುಗಿ ತನ್ನ ಕೈಯನ್ನು ನನ್ನ ಮುಂದೆ ಚಾಚಿದಳು. ಅತ್ತೆ ನೋಡುತ್ತಿರುವಂತೆಯೇ ಒಂದೊಂದೇ ಹಸಿರು ಬಳೆಯನ್ನು ನಿಧಾನವಾಗಿ ತೊಡಿಸಿದೆ. ಅಷ್ಟು ಸಂತೋಷವನ್ನು ನಾನು ಬಹಳ ಕಾಲದಿಂದ ಅನುಭವಿಸಿರಲಿಲ್ಲ.

ಮನೆಗೆ ಬಂದು ಶೂ ಬಿಚ್ಚುತ್ತ ಗಂಡ, ನೆಲ ನೋಡಿಕೊಂಡೇ, “ಆ ಟೆಸ್ಟ್‌ಗೆ ಎಲ್ಲಿ ಬುಕ್ ಮಾಡ್ಬೇಕು?” ಎಂದ. ಕ್ಲಿನಿಕ್ಕಿನ ನಂಬರು ವರ್ಷಗಳಿಂದ ನನ್ನ ಫೋನಿನಲ್ಲಿತ್ತು.

“ನಾಳೆ ಹುಡುಕಿ ಕೊಡ್ತೀನಿ” ಎಂದೆ. ಒಂದು ರಾತ್ರಿಯಾದರೂ ಅವನು ಕಾಯಲಿ.