ಆರು ಎಳೆಯ ಬ್ಯಾಗು

ಬನಹಟ್ಟಿಯ ಮಾಂತೇಶ ಟೀವಿಯವರ ಕ್ಯಾಮೆರಾ ಹಿಡಿಯುವ ಮೊದಲು ಹನ್ನೆರಡು ವರ್ಷ ಪಾವರ್‌ಲೂಮಿನ ಮುಂದೆ ನಿಂತು ಹರಿದ ಎಳೆಗಳಿಗೆ ಗಂಟು ಹಾಕಿದವನು. ಹೀಗಾಗಿ ಲೈವ್ ಕಳಿಸಲು ಬೆನ್ನಿಗೆ ಕಟ್ಟಿಕೊಳ್ಳುವ ಬ್ಯಾಗಿನ ಗುಟ್ಟು ಅವನಿಗೆ ಒಂದೇ ದಿನದಲ್ಲಿ ತಿಳಿಯಿತು. ಒಳಗೆ ಆರು ಸಿಮ್ಮು. ಕ್ಯಾಮೆರಾದ ಚಿತ್ರವನ್ನು ಆರು ಎಳೆ ಮಾಡಿ ಮೊಬೈಲ್ ಟವರುಗಳ ಮೇಲೆ ಕಳಿಸುತ್ತದೆ. ಬೆಂಗಳೂರಿನಲ್ಲಿ ಅವನ್ನು ಮತ್ತೆ ನೇಯ್ದು ಟೀವಿಗೆ ಬಿಡುತ್ತಾರೆ. ನೆಟ್‌ವರ್ಕ್ ಸತ್ತರೆ ಚಿತ್ರ ಬ್ಯಾಗಿನಲ್ಲೇ ಕೂತು ದಾರಿ ಕಾಯುತ್ತದೆ.

ಕಬ್ಬಿನ ದರದ ಗಲಾಟೆಯ ದಿನ, ಮಟಮಟ ಮಧ್ಯಾಹ್ನ, ಮುಧೋಳದ ರಸ್ತೆಯಲ್ಲಿ ಟ್ರ್ಯಾಲಿಗಳು ಧಗಧಗ ಉರಿಯುತ್ತಿದ್ದವು. ರೈತರು ಕರೆದ ಬಂದ್ ಮುರಿದು ಕಾರ್ಖಾನೆಗೆ ಕಬ್ಬು ತಂದನೆಂದು ಡ್ರೈವರ್ ಚನಮಲ್ಲಪ್ಪನನ್ನು ಟ್ರ್ಯಾಕ್ಟರಿನಿಂದ ಕೆಳಗೆಳೆದು, ಕಬ್ಬಿನ ಗಳದಿಂದ, ಕಲ್ಲಿನಿಂದ ಜಜ್ಜುತ್ತಿದ್ದರು. ಒಂದು ಕಿವಿ ಹರಿದು ಜೋತಾಡುತ್ತಿತ್ತು. ಇನ್ನೊಂದು ಏಟಿಗೆ ಜೀವ ಹೋಗುವುದಿತ್ತು. ಆ ಏಟಿಗೆಂದು ಕಬ್ಬಿಣದ ರಾಡು ಎತ್ತಿದವನು ಮಾಂತೇಶನ ಓಣಿಯ ಪ್ರೇಮಕುಮಾರ, ಇಂದ್ರವ್ವನ ಒಬ್ಬನೇ ಮಗ.

ಮಾಂತೇಶ ಬ್ಯಾಗಿನ ಪಟ್ಟಿಗೆ ಸಿಕ್ಕಿಸಿದ ಪುಟ್ಟ ಪರದೆ ನೋಡಿದ. ಸಾವಿರ ಮಂದಿ ಮೊಬೈಲು ಹಿಡಿದು ನಿಂತು ಟವರುಗಳ ಕುತ್ತಿಗೆ ಹಿಸುಕಿದ್ದರು. ಆರೂ ಎಳೆ ಕಡಿದಿದ್ದವು. ಆದರೂ ಕ್ಯಾಮೆರಾದ ದೀಪ ಹಚ್ಚಿ ಪ್ರೇಮಕುಮಾರನ ಮುಖಕ್ಕೇ ಹಿಡಿದ.

"ಪ್ರೇಮ್ಯಾ, ಲೈವ್ ಹೊಂಟೈತಿ ಲೇ. ನಿಮ್ಮವ್ವ ನೋಡಾಕತ್ತಾಳ."

ರಾಡು ಗಾಳಿಯಲ್ಲೇ ನಿಂತಿತು. ಅವನ ಜೊತೆ ಮೈಕು ಹಿಡಿಯುವ ರೇಷ್ಮಾ ಅಷ್ಟರಲ್ಲಿ ಚನಮಲ್ಲಪ್ಪನ ಕಂಕುಳಿಗೆ ಕೈ ಹಾಕಿ ದರದರ ಟೀವಿಯವರ ಜೀಪಿನತ್ತ ಎಳೆದಳು. ಗುಂಪಿನಲ್ಲಿ ಒಬ್ಬ ತನ್ನ ಮೊಬೈಲು ನೋಡಿಕೊಂಡು ನಕ್ಕ.

"ನೆಟ್ಟs ಇಲ್ಲ, ಎಲ್ಲೀ ಲೈವ್ ಲೇ?"

ರಾಡು ಮಾಂತೇಶನ ಹೆಗಲ ಮೇಲೆ ಬಿತ್ತು. ಎಲುಬು ಮುರಿದ ಸದ್ದು ಅವನಿಗೇ ಕೇಳಿಸಿತು. ಮುಂದಿನ ಏಟಿಗೆ ತುಟಿ ಸೀಳಿ ಎರಡು ಹಲ್ಲು ರಸ್ತೆಗೆ ಉದುರಿದವು. ಕ್ಯಾಮೆರಾ ಪುಡಿಯಾಯಿತು. ಮಾಂತೇಶ ಬ್ಯಾಗನ್ನು ಕಳಚಿ ಹೊಟ್ಟೆಯ ಕೆಳಗೆ ಇಟ್ಟುಕೊಂಡು ಬೋರಲು ಬಿದ್ದ. ಪೊಲೀಸರ ಲಾಠಿ ಬರುವವರೆಗೂ ಒದೆತ ನಿಲ್ಲಲಿಲ್ಲ.

ಜಮಖಂಡಿಯ ಆಸ್ಪತ್ರೆಯಲ್ಲಿ ಅವನ ತುಟಿಗೆ ಹೊಲಿಗೆ ಹಾಕುವಾಗ ಮಂಚದ ಕೆಳಗಿದ್ದ ಬ್ಯಾಗಿಗೆ ನೆಟ್‌ವರ್ಕ್ ಸಿಕ್ಕಿತು. ಕಡಿದ ಎಳೆಗಳು ಒಂದೊಂದಾಗಿ ಕೂಡಿಕೊಂಡು, ಒಳಗೆ ಉಳಿದಿದ್ದುದೆಲ್ಲ ತಾನಾಗಿಯೇ ಬೆಂಗಳೂರಿಗೆ ಹೋಯಿತು. ಅರ್ಧ ತಾಸಿನಲ್ಲಿ ಊರೂರಿನ ಟೀವಿಯಲ್ಲಿ ಪ್ರೇಮಕುಮಾರನ ಮುಖ.

ಸಂಜೆ ಇಂದ್ರವ್ವ ಬಂದಳು. ಅವಳ ಬಲಗೈ ಅಂಗೈ ಕೆಂಪಾಗಿ ಬಾತಿತ್ತು. ಮಗನ ಕಪಾಳಕ್ಕೆ ಎಷ್ಟು ಹೊಡೆದಿದ್ದಳೋ.

"ನೋಡೀನಪಾ, ಎಲ್ಲಾ ನೋಡೀನಿ," ಎಂದಳು. "ಆ ಡ್ರೈವರ್ ಉಳದಾನೋ ಇಲ್ಲೋ?"

ಹೊಲಿದ ಬಾಯಿಂದ ಮಾತು ಹೊರಡದೆ ಮಾಂತೇಶ ಪಕ್ಕದ ಮಂಚ ತೋರಿಸಿದ. ಬ್ಯಾಂಡೇಜಿನೊಳಗೆ ಚನಮಲ್ಲಪ್ಪನ ಎದೆ ಮೆಲ್ಲಗೆ ಏರಿ ಇಳಿಯುತ್ತಿತ್ತು. ಇಂದ್ರವ್ವ ಸ್ಟೂಲು ಎಳೆದುಕೊಂಡು ಅಲ್ಲಿ ಹೋಗಿ ಕೂತಳು.