ಸದ್ದಿನ ಹುಚ್ಚ

ಆಡಿದ ಮಾತಿಗೆ ತಪ್ಪದವನು, ಹಿಡಿದ ಕೆಲಸವನ್ನು ನಡುವೆ ಬಿಡದವನು, ಬಾಳೆಲ್ಲ ವೇದಿಕೆಯ ಮಗ್ಗುಲಲ್ಲೇ ಕಳೆದರೂ ಒಂದು ದಿನವೂ ವೇದಿಕೆಯೇರಲು ಬಯಸದವನು, ಮದುವೆಯ ಮನೆಯಲ್ಲಿಯೂ ಸಾವಿನ ಮನೆಯಲ್ಲಿಯೂ ಒಂದೇ ಹದದ ದನಿಯಲ್ಲಿ ನುಡಿಯುವವನು, ಹೆಂಡತಿಯ ಕೊಂಕಿಗೆ ಮುನಿಯದವನು, ನೆರೆಯವರ ಗುಟ್ಟು ಕಿವಿಗೆ ಬಿದ್ದರೆ ಅಲ್ಲಿಯೇ ಹೂತುಬಿಡುವವನು, ದೇವರನ್ನು ಮೌನದಲ್ಲಿ ನೆನೆಯುವವನು: ಇಂತಹ ಒಬ್ಬ ಗೃಹಸ್ಥನು ಚೌಕದ ಹಿಂದಣ ಬೀದಿಯಲ್ಲಿ, ಹಳದಿ ಬಾಗಿಲಿನ ಮನೆಯ ಕೆಳಕೋಣೆಯಲ್ಲಿ ಅಂಗಡಿಯಿಟ್ಟುಕೊಂಡಿದ್ದನು. ಸಭೆಗಳಿಗೆ ಮೈಕು, ಹಾರ್ನುಗಳನ್ನು ಬಾಡಿಗೆಗೆ ಕೊಡುವುದು ಅವನ ಕಸುಬು. ಜನ ಅವನನ್ನು ಸದ್ದಿನ ಹುಚ್ಚನೆಂದು ಕರೆಯುತ್ತಿದ್ದರು.

ಆ ಹೆಸರಿನಲ್ಲಿ ಆಗ ನಂಜಿರಲಿಲ್ಲ. ಒಂದನ್ನೇ ಮಿತಿಮೀರಿ ಪ್ರೀತಿಸುವವರನ್ನು ನಮ್ಮ ನುಡಿ ಎಷ್ಟೊಂದು ಬಗೆಯಲ್ಲಿ ಕರೆಯುತ್ತದೆ. ಆ ಬೀದಿಯಲ್ಲಿಯೇ ಚದುರಂಗದ ಮರುಳನೊಬ್ಬನಿದ್ದನು, ಓದಿನ ಗೀಳಿನವಳೊಬ್ಬಳಿದ್ದಳು, ಜಗಳದ ತೆವಲಿನ ಮುದುಕಿಯೂ ಇದ್ದಳು. ಕೇಳಿದರೆ ಬೈಗುಳ, ಒಳಗೆ ಮುದ್ದು. ಹಳದಿ ಬಾಗಿಲಿನ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ, ಟೋಪಿ ಹೊಲಿಯುವ ಮುದುಕನಿಗಂತೂ ಪಾರಿವಾಳದಜ್ಜ ಎನ್ನುವುದನ್ನು ಬಿಟ್ಟು ಬೇರೆ ಹೆಸರೇ ಉಳಿದಿರಲಿಲ್ಲ.

ನಮ್ಮವನ ಹುಚ್ಚು ಹೀಗಿತ್ತು. ಹಾರ್ನು ಕಟ್ಟಿದ ಮೇಲೆ ಅವನು ಬಯಲಿನ ಕೊನೆಯ ಮೂಲೆಗೆ ಹೋಗಿ ನಿಲ್ಲುತ್ತಿದ್ದನು. ವೇದಿಕೆಯಲ್ಲಿ ಅವನ ಹೆಂಡತಿಯ ತಮ್ಮ, ಅವನ ಕೈಯಲ್ಲಿಯೇ ಕಸುಬು ಕಲಿತು ಪಾಲುದಾರನಾದವನು, "ಒಂದು, ಎರಡು, ಮೂರು" ಎನ್ನಬೇಕು. ಮಾತು ಮಸುಕಾಗಿ ಕೇಳಿದರೆ ಮರಳಿ ಬಂದು ಏಣಿ ಹತ್ತಿ ಹಾರ್ನನ್ನು ಬೆರಳಗಲ ತಿರುಗಿಸುವುದು, ಮತ್ತೆ ಮೂಲೆಗೆ ನಡೆಯುವುದು. ಹಾರ್ನುಗಳನ್ನು ದೂರದೂರ ಎದುರುಬದುರಾಗಿ ಕಟ್ಟಬಾರದೆಂಬುದು ಭಾವಮೈದುನನಿಗೆ ಅವನು ಹೇಳಿಕೊಟ್ಟ ಮೊದಲ ಪಾಠ. ಹಾಗೆ ಕಟ್ಟಿದರೆ ಹತ್ತಿರದ ಮಾತು ಮೊದಲು ಬರುತ್ತದೆ, ದೂರದ್ದು ಬೆನ್ನ ಹಿಂದೆ ಬಂದು ಅದನ್ನು ತುಳಿಯುತ್ತದೆ. ದನಿಯಷ್ಟೇ ಕೇಳುತ್ತದೆ, ಮಾತು ತಿಳಿಯುವುದಿಲ್ಲ.

ಆ ವರ್ಷ ಊರಿನಲ್ಲಿ ಹೊಸ ಮಾತೊಂದು ಹುಟ್ಟಿತು. ಕೆಲವರು ತಮ್ಮನ್ನು ತಾವೇ ನಿಷ್ಠರೆಂದು ಕರೆದುಕೊಂಡರು. ತಮ್ಮ ಜೊತೆ ಕೂಗದವರಿಗೆ ಅರೆಮನಸ್ಸಿನವರು ಎಂದು ಹೆಸರಿಟ್ಟರು. ಚೌಕದ ಸಭೆಯ ಕೊನೆಗೆ ಒಬ್ಬ ಅರೆಮನಸ್ಸಿನವನ ಹೆಸರನ್ನು ಹೇಳುವುದು ರೂಢಿಯಾಯಿತು. ನಿಷ್ಠರು ತಾವಾಗಿ ಕಲ್ಲೆತ್ತುತ್ತಿರಲಿಲ್ಲ. ಹೆಸರು ಹೇಳಿ ಮನೆಗೆ ಹೋಗುತ್ತಿದ್ದರು. ಉಳಿದದ್ದನ್ನು ಹಿಂದೆ ನಿಂತ ಗುಂಪು ಮಾಡುತ್ತಿತ್ತು. ಬೀಗ ರಿಪೇರಿಯವನ ಹೆಸರು ಕೇಳಿಬಂದ ಮರುಬೆಳಗ್ಗೆ ಅವನ ಅಂಗಡಿಯಿದ್ದೆಡೆ ಕರಿಹಿಡಿದ ಗೋಡೆಯೊಂದೇ ನಿಂತಿತ್ತು. ಆ ಹೆಸರು ಮೂಲೆಮೂಲೆಗೂ ಗಾಜಿನಂತೆ ತಿಳಿಯಾಗಿ ತಲುಪಿದ್ದು ನಮ್ಮವನ ಹಾರ್ನುಗಳಿಂದ. ಅಂದಿನಿಂದ ಅವನು ಆ ಗೋಡೆಯ ಮುಂದಿನ ದಾರಿಯನ್ನು ಬಿಟ್ಟು ಸುತ್ತಿಕೊಂಡು ನಡೆಯತೊಡಗಿದನು.

ಭಾವಮೈದುನನು ನಿಷ್ಠರ ಪಟ್ಟಿ ತೋಳಿಗೆ ಕಟ್ಟಿಕೊಂಡೇ ಒಂದು ಮಧ್ಯಾಹ್ನ ಬಂದನು.

"ಭಾವ, ಭಾನುವಾರ ಸಭೆ ಇದೆ. ಒಂದು ಮಾತೂ ಗಾಳಿಗೆ ಹೋಗಬಾರದಂತೆ."

ಅಕ್ಕ ಒಲೆಯ ಕಡೆಯಿಂದಲೇ ಕೇಳಿದಳು. "ತಟ್ಟೆ ಹಾಕ್ಲೇನೋ, ಇಲ್ಲ ಭಾಷಣದಲ್ಲೇ ಹೊಟ್ಟೆ ತುಂಬ್ತಾ?"

"ಹಾಕಕ್ಕ. ಕೊಂಕು ಮಾತ್ರ ಬೇಡ."

"ಕೊಂಕಿಲ್ದೆ ಸಾರು ಸಪ್ಪೆ ಆಗತ್ತೆ. ನಿಂಗೇ ಗೊತ್ತಲ್ಲ."

ಅವನು ನಕ್ಕನು. ನಗು ಬೇಗನೆ ಆರಿತು. ಭಾವ ತಂತಿ ಸುತ್ತುತ್ತಲೇ ಕೇಳಿದನು. "ಈ ಸಲ ಯಾರು?"

ಭಾವಮೈದುನನ ಕಣ್ಣು ಒಮ್ಮೆ ಚಾವಣಿಯ ಕಡೆಗೆ ಹೋಯಿತು. ಮೇಲೆ ಪಾರಿವಾಳಗಳು ಗುಟುಗುಟು ಎನ್ನುತ್ತಿದ್ದವು.

"ಆ ಮುದುಕ ಏನ್ ಮಾಡ್ದ?"

"ಮನೆಮನೆ ಮೇಲೆ ಬಾವುಟ ಕಟ್ಟಿದ್ವಿ. ಅವನು ಬಿಚ್ಚಿಹಾಕ್ದ."

"ಪಟಪಟ ಅಂದ್ರೆ ಮರಿಗಳು ಹೆದರ್ತವೆ ಅಂತ ಬಿಚ್ಚಿದ್ದು ಕಣೋ. ನಿನ್ನ ತಲೆಗೆ ಟೋಪಿ ಹೊಲಿದವನು."

"ನಂಗೊತ್ತು ಭಾವ. ನಾನು ಹೇಳ್ದೆ. ಕೇಳೋರಿಲ್ಲ."

ತಟ್ಟೆಯನ್ನು ಅರ್ಧಕ್ಕೆ ಬಿಟ್ಟು ಎದ್ದುಹೋದನು.

ಭಾನುವಾರ ಬೆಳಗ್ಗೆ ನಮ್ಮವನು ಎಂದಿನಂತೆಯೇ ಹಾರ್ನು ಕಟ್ಟಿದನು. ನಿಷ್ಠರ ಮುಖಂಡನು ತಾನೇ ಮೂಲೆಗೆ ಹೋಗಿ ಕೇಳಿ ತಲೆದೂಗಿದನು. ಸಂಜೆ ಚೌಕ ತುಂಬುತ್ತಿರುವಾಗ ನಮ್ಮವನು ಏಣಿ ಹೊತ್ತು ಚೌಕದ ಆಚೆ ತುದಿಯ ಗೋದಾಮಿನ ಕಡೆಗೆ ನಡೆದನು. "ಗಾಳಿ ತಿರುಗಿದೆ, ಸರಿಮಾಡ್ತೀನಿ" ಎಂದನು. ಗೋದಾಮಿನ ಮೇಲಣ ಹಾರ್ನುಗಳನ್ನು ವೇದಿಕೆಯ ಹಾರ್ನುಗಳಿಗೆ ಎದುರಾಗಿ ತಿರುಗಿಸಿದನು. ಒಂದು ಮಾತನ್ನೂ ಕೆಡಲು ಬಿಡದವನು ಅಂದು ತನ್ನ ಕಸುಬನ್ನೇ ತಾನು ಕೆಡಿಸಿದನು.

ಮುಖಂಡನು ಕೊನೆಗೆ ಹೆಸರನ್ನು ಹೇಳಿದನು. ಮುಂದೆ ಕುಳಿತ ನಿಷ್ಠರು ಕೂಗಿದರು. ಹಿಂದಿನ ಗುಂಪಿಗೆ ಕೇಳಿದ್ದು ದೊಡ್ಡ ಕೊಪ್ಪರಿಗೆಯೊಳಗಿನ ಗುಡುಗು ಮಾತ್ರ.

"ಯಾರಂತೆ?"

"ಯಾರೋ ಏನೋ. ನಿಂಗೆ ಕೇಳಿಸ್ತಾ?"

"ನಿನ್ನ ಹೆಸರೇ ಇರ್ಬೇಕು, ಬಾ ಮನೆಗೆ."

ಯಾರೋ ನಕ್ಕರು. ನಕ್ಕ ಗುಂಪಿನ ಕೈಯಿಂದ ಕಲ್ಲು ಏಳುವುದಿಲ್ಲ. ಜನ ಚದುರಿದರು.

ಭಾವಮೈದುನ ಮಾತ್ರ ಗೋದಾಮಿನ ಕೆಳಗೆ ತಲೆಯೆತ್ತಿ ನಿಂತಿದ್ದನು.

"ಭಾವ, ಹಾರ್ನು ಎದುರುಬದುರು ಇದೆ."

"ಗಾಳಿ."

"ಎಲೆಯೂ ಅಲ್ಲಾಡ್ತಿಲ್ಲ, ಭಾವ."

ಅಷ್ಟು ಹೇಳಿ ಏಣಿಯನ್ನು ತಾನೇ ಹೆಗಲಿಗೇರಿಸಿಕೊಂಡನು. ಮನೆಯವರೆಗೂ ಅವನೇ ಹೊತ್ತು ನಡೆದನು.

ಮರುದಿನವೇ ಗಂಡಹೆಂಡಿರು ಪಾರಿವಾಳದಜ್ಜನನ್ನು ಅವನ ಮಗಳ ಊರಿಗೆ ಹೊರಡಿಸಿದರು. ಹೊಲಿಗೆಯ ಯಂತ್ರವನ್ನು ಗಾಡಿಗೇರಿಸಿ, ಹಕ್ಕಿಗಳನ್ನೆಲ್ಲ ಬುಟ್ಟಿಗಳಲ್ಲಿ ತುಂಬಿ ಆದ ಮೇಲೆ ಮುದುಕ ನಮ್ಮವನ ಕೈ ಹಿಡಿದನು.

"ಅಲ್ಲಿ ಬಾಗಿಲು ತೆಗೆದ ಗಳಿಗೆಗೆ ಇವು ಇಲ್ಲಿಗೇ ಹಾರಿ ಬರ್ತವೆ ಮಗಾ. ಮನೆ ಬದಲಾಯ್ತು ಅಂದ್ರೆ ಇವಕ್ಕೆ ತಿಳಿಯಲ್ಲ. ಒಂದು ಹಿಡಿ ಕಾಳು ಹಾಕ್ತೀಯಾ?"

"ಹಾಕ್ತೀನಿ ಅಜ್ಜ."

ಕೊಟ್ಟ ಮಾತಿಗೆ ತಪ್ಪದವನೆಂದು ಮೊದಲೇ ಹೇಳಿದೆನಷ್ಟೆ. ವಾರ ಮುಗಿಯುವುದರೊಳಗೆ ಹಕ್ಕಿಗಳು ಒಂದೊಂದಾಗಿ ಮರಳಿ ಮಹಡಿಯ ಗೂಡಿನಲ್ಲಿ ಇಳಿಯತೊಡಗಿದವು.

ಭಾವಮೈದುನ ಮತ್ತೊಮ್ಮೆ ಬಂದನು. ಈ ಸಲ ಕೂರಲಿಲ್ಲ. "ಭಾನುವಾರ ಮತ್ತೆ ಸಭೆ. ಹಾರ್ನು ತಿರುಗಿಸಿದ್ದು ಅವರಿಗೂ ತಿಳಿದಿದೆ, ನಿಮ್ಮ ಮೈಕ್ ಬೇಡವಂತೆ. ಬೇರೆ ಊರಿಂದ ಸೆಟ್ ತರಿಸಿದ್ದಾರೆ, ಕಟ್ಟೋನು ನಾನು."

"ಸರಿಯಾಗಿ ಕಟ್ಟು."

"ಮುಖಂಡರು ಮೂಲೆಯಲ್ಲಿ ಆಳು ನಿಲ್ಲಿಸ್ತಾರೆ, ಭಾವ. ನಾನು ತಪ್ಪು ಕಟ್ಟೋಹಾಗಿಲ್ಲ." ಅಕ್ಕನ ಕಡೆಗೆ ತಿರುಗಿದನು. "ಅಕ್ಕ, ನೀವಿಬ್ರೂ ಚಿಕ್ಕಮ್ಮನ ಮನೆಗೆ ಹೋಗ್ಬಿಡಿ. ನಾಳೇನೇ."

ಅವಳು ಗಂಡನ ಮುಖ ನೋಡಿದಳು. ಅವನು ಕಾಳಿನ ಡಬ್ಬಿಯನ್ನು ನೋಡುತ್ತಿದ್ದನು.

"ಹೆಂಡತಿ ಬೇಕು ಅಂತ ಒಂದಿನ ಹಿಂಗೆ ನೋಡಿದ್ರೆ ನಾನು ಬಂಗಾರ ಆಗ್ತಿದ್ದೆ" ಎಂದಳು. "ನಾವೆಲ್ಲೂ ಹೋಗಲ್ಲ. ನೀನು ಉಂಡು ಹೋಗು."

ಅವನು ಉಣ್ಣಲಿಲ್ಲ.

ಭಾನುವಾರ ಸಂಜೆ ಗಂಡಹೆಂಡಿರು ಮಹಡಿಯ ಗೂಡಿನ ಬಳಿ ನಿಂತಿದ್ದರು. ಚೌಕದ ಕಡೆಯಿಂದ ಭಾವಮೈದುನನ ದನಿ ತೇಲಿಬಂದಿತು. ಒಂದು, ಎರಡು, ಮೂರು. ಒಂದು ಅಕ್ಷರವೂ ಮಸುಕಾಗಿರಲಿಲ್ಲ.

"ಚೆನ್ನಾಗಿ ಕಟ್ಟಿದಾನೆ" ಎಂದನು ಪಾಠ ಹೇಳಿಕೊಟ್ಟ ಭಾವ, ತನಗೆ ತಾನೇ.

ಭಾಷಣ ನಡೆಯಿತು. ಕೊನೆಗೆ ಚೌಕ ಉಸಿರು ಬಿಗಿಹಿಡಿಯಿತು. ಬೀದಿಯ ಮಕ್ಕಳು ಕೂಗಿ ಕರೆಯುತ್ತಿದ್ದ ಆ ಹೆಸರೇ, ಮುದ್ದೆಲ್ಲ ಹಿಂಡಿಹೋಗಿ ಬರಿಯ ತೀರ್ಪಾಗಿ, ಮಹಡಿಯವರೆಗೂ ತಿಳಿಯಾಗಿ ಬಂದು ತಲುಪಿತು: ಸದ್ದಿನ ಹುಚ್ಚ. ಈ ಸಲ ಯಾರಂತೆ ಎಂದು ಯಾರೂ ಕೇಳಲಿಲ್ಲ. ಹೆಂಡತಿ ಅವನ ತೋಳು ಹಿಡಿದಳು. ಅವನು ಕೈಯಲ್ಲಿದ್ದ ಕಾಳನ್ನು ಹಕ್ಕಿಗಳಿಗೆ ಚೆಲ್ಲಿ, ಗೂಡಿನ ಬಾಗಿಲನ್ನು ಅವು ಹಾರಿಹೋಗುವಂತೆ ತೆರೆದಿಟ್ಟು, ಕೆಳಗಿಳಿದು ಹಳದಿ ಬಾಗಿಲಿಗೆ ಅಗುಳಿ ಹಾಕಿದನು. ಬೀದಿಯ ತುದಿಯಲ್ಲಿ ಹೆಜ್ಜೆಗಳು ಕೇಳತೊಡಗಿದವು.

ಆಡಿದ ಮಾತನ್ನೂ ಆಡದ ಮಾತನ್ನೂ ಒಂದೇ ಸಮನಾಗಿ ಕೇಳುವ ದೇವರು ಆ ಅಗುಳಿಯನ್ನು ಕಾಯಲಿ. ಆ ಕಿಟಕಿಗಳ ಗಾಜು ನಿಲ್ಲಲಿ, ಆ ಒಲೆಯ ಬೆಂಕಿ ಒಲೆಯಲ್ಲಿಯೇ ಇರಲಿ. ಕೊಂಕು ನುಡಿಯುವ ಆ ತಾಯಿಯ ಮುತ್ತೈದೆತನ ಉಳಿಯಲಿ. ಏಣಿ ಹೊತ್ತು ನಡೆದ ಆ ತಮ್ಮನು ಗುಂಪಿಗಿಂತ ಮೊದಲು ಆ ಬಾಗಿಲನ್ನು ಮುಟ್ಟಲಿ. ಹುಚ್ಚನೆಂಬ ಮಾತು ಮತ್ತೆ ಮುದ್ದಾಗುವ ಕಾಲದವರೆಗೆ ಆ ಮನೆ, ಆ ಮನೆಯವರು, ಆ ಮಹಡಿಗೆ ಮರಳುವ ಹಕ್ಕಿಗಳು ಸುಖವಾಗಿರಲಿ.