ಗಂಧಕವೋ, ಭಂಡಾರವೋ

ರಾಯಚೂರಿನಲ್ಲಿ ರೈಲು ಇಳಿದು ಮಾನ್ವಿಯ ಮನೆ ಸೇರಿ ನಾಲ್ಕು ದಿನವಾಗಿತ್ತು. ರಜೆ ಎಂಬುದು ಹೆಸರಿಗೆ; ಕೂತಲ್ಲಿ ಕೂರಲಾಗುತ್ತಿರಲಿಲ್ಲ. ನನ್ನ ಕೆಲಸ ದೂರದ ದ್ವೀಪವೊಂದರ ಜ್ವಾಲಾಮುಖಿ ಕಾಯುವುದು: ಬಿರುಕಿನ ಹೊಗೆಯನ್ನು ಸೀಸೆಗೆ ಹಿಡಿಯುವುದು, ನೆಲದ ನಡುಕ ಅಳೆಯುವುದು, ಡ್ರೋನ್ ಹಾರಿಸಿ ಫೋಟೊ ತೆಗೆಯುವುದು. ಬೆಟ್ಟ ಬಿಟ್ಟು ಬಂದರೂ ಕೈ ಮೊಬೈಲ್ ಬಿಡುತ್ತಿರಲಿಲ್ಲ.

"ಅದರಾಗ ಏನ್ ನೋಡ್ತೀಬೇ? ರೊಟ್ಟಿ ಆರಾಕತ್ತಾವ," ಎಂದು ಅವ್ವ ಗದರಿದಳು.

ಆಗಲೇ ತಂಡದ ಸಂದೇಶ ಬಂತು. ಬಿರುಕಿನ ಬಾಯಲ್ಲಿ ಹೊಸ ಹಳದಿ ಕಂಡಿದೆ, ಗಂಧಕವಿರಬೇಕು, ಒಳಗೆ ಅನಿಲದ ದಾರಿ ಬದಲಾಗಿರಬಹುದು. ಬಿರುಕಿನ ಕೆಳಗಿನ ಇಳಿಜಾರಿನಲ್ಲಿರುವ ಕುರಿಗಾರರನ್ನು ಬೆಟ್ಟ ಇಳಿಸಬೇಕೋ ಬೇಡವೋ, ಸಂಜೆಯೊಳಗೆ ತೀರ್ಮಾನ. ಹಳೆಯ ಲಾವಾ, ಬೂದಿ ಮಣ್ಣಾದಲ್ಲೇ ಹುಲ್ಲು ಹುಲುಸು. ಅದಕ್ಕೇ ಜನ ಅಲ್ಲಿ ದೊಡ್ಡಿ ಹಾಕಿದ್ದರು.

ಸಂದೇಶದ ಜೊತೆಗಿದ್ದ ಡ್ರೋನ್ ಫೋಟೊ ತೆರೆದೆ. ಅಯ್ಯೋ, ಅದು ನನ್ನ ಭಂಡಾರ! ಹಿಂದಿನ ಸಲ ಹೊರಡುವಾಗ ಅವ್ವ ನೀರಮಾನ್ವಿ ಎಲ್ಲಮ್ಮನ ಭಂಡಾರ, ಅಂದರೆ ಪ್ರಸಾದದ ಅರಿಶಿನ ಪುಡಿ, ಗಂಟು ಕಟ್ಟಿಕೊಟ್ಟು, "ಆ ಬೆಟ್ಟಕ್ಕ ಹಾಕು, ತಣ್ಣಗಿರ್ತದ," ಎಂದಿದ್ದಳು. ಈ ರಜೆಗೆ ಬರುವ ಮುಂಚೆ, ದ್ವೀಪದಲ್ಲಿ ಕೊನೆಯ ದಿನ ಯಾರೂ ನೋಡದಾಗ ಅಷ್ಟನ್ನೂ ಬಿರುಕಿನ ಬಾಯಿಗೆ ಸುರಿದಿದ್ದೆ. ಓದಿದವಳು ನಾನು, ಥೂ!

ಒಪ್ಪಿಕೊಂಡರೆ ತಂಡದಲ್ಲಿ ನನಗೆ ಜಾಗವಿಲ್ಲ. ಸುಮ್ಮನಿದ್ದರೆ ಆ ಜನ ಮಕ್ಕಳುಮರಿ ಕಟ್ಟಿಕೊಂಡು ವಿನಾಕಾರಣ ಗುಳೆ ಏಳಬೇಕು. ಅಂಗಳಕ್ಕೂ ಒಳಗೂ ಓಡಾಡಿ ಸಾಕಾಗಿ ಅವ್ವನಿಗೆ ಎಲ್ಲ ಹೇಳಿದೆ.

"ಯವ್ವಾ, ನಿನ್ನ ಭಂಡಾರ ನನ್ನ ಮಾನ ಕಳೀತು."

"ಹೋದ್ರ ಹೋತು. ಕುರಿ ಎಬ್ಬಿಸೋದು ಹುಡುಗಾಟ್ಕಿ ಏನ್ಬೇ? ನಿಮ್ಮಪ್ಪ ದೇವದುರ್ಗದ ತನಕ ಹೊಡಕೊಂಡು ಹೋಗಿ ಅರ್ಧ ಮರಿ ಕಳಕೊಂಡಿದ್ದ. ಖರೇ ಹೇಳು."

ಮುಖ್ಯಸ್ಥರಿಗೆ ಫೋನ್ ಮಾಡಿ ಎಲ್ಲ ಒದರಿಬಿಟ್ಟೆ. ಅವರು ಬೈಯಲಿಲ್ಲ. ಎಷ್ಟು ಕಡೆ ಸುರಿದೆ ಎಂದಷ್ಟೇ ಕೇಳಿದರು.

"ಒಂದೇ ಕಡೆ, ಸರ್. ದೊಡ್ಡ ಬಂಡೆಯ ಎಡಕ್ಕೆ."

ಹಾಗಾದರೆ ಬಲಕ್ಕಿರುವುದು ಏನು ಎಂದರು.

ಫೋಟೊ ಹಿಗ್ಗಿಸಿದೆ. ನನ್ನ ತಪ್ಪನ್ನು ಕಂಡ ಗಾಬರಿಯಲ್ಲಿ ಆ ಕಡೆ ಕಣ್ಣೇ ಹೋಗಿರಲಿಲ್ಲ. ಬಂಡೆಯ ಬಲಕ್ಕೆ ಇನ್ನೊಂದು ಹಳದಿ ಇತ್ತು, ಅದರ ನಡುವಿನಿಂದ ಹೊಗೆ ಏಳುತ್ತಿತ್ತು.

"ಅದು ನನ್ನದಲ್ಲ, ಸರ್. ಜನರನ್ನು ಇಳಿಸಿ, ಈಗಲೇ."

ಅವ್ವ ನನ್ನ ತೋಳು ಗಟ್ಟಿಯಾಗಿ ಹಿಡಿದಳು. "ಕುರೀನೂ ಇಳಸ್ರಿ ಅನ್ನು. ಕುರಿ ಬಿಟ್ಟು ಅವ್ರು ಬರಂಗಿಲ್ಲ."